ಅಗಸೆ ಹಚ್ಚಿದ ಮೀನು

ಮಾವನಿಗೆ ಲಕ್ವಾ ಹೊಡೆದಾಗ ನಾವು ಡೊಂಬಿವಲಿಯಲ್ಲಿ ಬಾಡಿಗೆಗಿದ್ದೆವು. ಕೈಕಾಲು ನಿಧಾನವಾಗಿ ಹತೋಟಿಗೆ ಬಂದವು, ಮಾತೂ ತಿರುಗಿತು. ಎಡಗೆನ್ನೆ ಮಾತ್ರ ಮರಗಟ್ಟಿಯೇ ಉಳಿಯಿತು. ಎಷ್ಟು ಮರಗಟ್ಟಿದೆ ಎಂಬುದು ತಿಳಿದದ್ದು ಒಂದು ಭಾನುವಾರ, ನನ್ನ ಗಂಡ ಬಂಗುಡೆ ಸಾರು ಮಾಡಿ ಬಡಿಸಿದಾಗ. ಮಾವ ಬಹಳ ದಿನದ ಮೇಲೆ ಖುಷಿಯಿಂದ ಉಣ್ಣುತ್ತಿದ್ದರು. ಎದುರು ಕುಳಿತಿದ್ದ ನನ್ನ ಮಗಳು ಅವರ ಮುಖ ನೋಡಿ, ತನ್ನ ಎಂದಿನ ಹಿಂದಿಯಲ್ಲಿ "ಅಜ್ಜಾ, ಖೂನ್" ಎಂದಳು. ಕೆನ್ನೆಯೊಳಗೆ ಮುಳ್ಳು ನೆಟ್ಟು ತುಟಿಯಂಚಿನಿಂದ ರಕ್ತ ಇಳಿಯುತ್ತಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ.

ಇನ್ನು ಮುಳ್ಳಿನ ಮೀನು ಬೇಡ, ಎಣ್ಣೆಯಲ್ಲಿ ಕರಿದದ್ದೂ ಬೇಡ ಎಂದರು ಡಾಕ್ಟರು.

ಮಾವ ಉಡುಪಿಯ ಕಡೆಯವರು. ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿನ ಕಾವಲಿಯ ಮುಂದೆ ಆಯುಷ್ಯವೆಲ್ಲ ದೋಸೆ ಹೊಯ್ದವರು. ದಿನವಿಡೀ ತೆಂಗಿನ ಚಟ್ನಿಯ ನಡುವೆ ಇದ್ದು, ಮನೆಗೆ ಬಂದರೆ ಅತ್ತೆ ಮಾಡಿದ ಮೀನು. ನಾನು ಗದಗಿನವಳು, ಮೀನು ಮೊಟ್ಟೆ ಮುಟ್ಟದ ಮನೆಯವಳು. ಹಾಗಂತ ಗೊತ್ತಿದ್ದೇ ಅತ್ತೆ ಮದುವೆಯಾಗಿ ಬಂದ ನನಗೆ, "ನೀನು ತಿನ್ನುದೂ ಬೇಡ, ಮಾಡುದೂ ಬೇಡ, ಅದು ನನ್ನ ಕೆಲಸ" ಎಂದಿದ್ದರು. ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ಗಂಡನ ಪಾಲಿಗೆ ಬಂತು. ಆದರೆ ಆ ವರ್ಷ ಅವರಿಗೆ ಭಿವಂಡಿಯ ಗೋದಾಮಿನಲ್ಲಿ ಭಾನುವಾರವೂ ಡ್ಯೂಟಿ ಬೀಳತೊಡಗಿತು. ಮಾವ ಬರೀ ಗಂಜಿ ಕುಡಿದು ಏಳುತ್ತಿದ್ದರು. ದೂರಲಿಲ್ಲ. ಅವರು ದೂರಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ದೂರದೆ ಇದ್ದುದರಿಂದ ಒಂದು ಬೆಳಿಗ್ಗೆ ಚೀಲ ಹಿಡಿದು ಮೀನಿನ ಬಜಾರಿಗೆ ಹೋದೆ.

ಮೂಗಿಗೆ ಸೆರಗು ಹಿಡಿದು, ಮುಳ್ಳು ಬಿಡಿಸಿ ಕೊಡಿ ಎಂದು ಅರೆಬರೆ ಮರಾಠಿಯಲ್ಲಿ ಕೇಳಿದೆ. ಮೀನು ಮಾರುವವಳು ತಲೆಯೆತ್ತಿ ನೋಡಿ, "ಪಹಿಲ್ಯಾಂದಾಚ್ ಕಾ?" ಎಂದಳು. ಹೌದು, ಇದೇ ಮೊದಲ ಸಲ ಎಂದೆ. ರಾವಸ್ ಮೀನಿನ ಮೈಯನ್ನು ಮುಳ್ಳಿನಿಂದ ಬಿಡಿಸಿ, ಚರ್ಮ ಸುಲಿದು, ಅಂಗೈಯಗಲದ ತುಂಡು ಮಾಡಿ ಕೊಟ್ಟಳು. ಹಾಗೆ ನೋಡಿದರೆ ಅದು ಮೀನು ಅನ್ನಿಸುತ್ತಲೇ ಇರಲಿಲ್ಲ. ನನಗೆ ಅದರಿಂದ ಧೈರ್ಯ ಬಂತು.

ಗಂಡ ಹೇಳಿಕೊಟ್ಟಂತೆ ಖಾರ, ಅರಿಶಿನ, ಹುಣಸೆರಸ ಸವರಿ, ರವೆಯಲ್ಲಿ ಹೊರಳಿಸಿ ತವೆಯ ಮೇಲಿಟ್ಟೆ. ಎಣ್ಣೆ ಕಡಿಮೆಯಾಗಿ ರವೆ ಮೆತ್ತಗಾಯಿತು. ಮಾವ ಎರಡು ತುತ್ತು ತಿಂದು ತಟ್ಟೆ ಸರಿಸಿದರು.

"ಚೆನ್ನಾಗಿಲ್ಲೇನ್ರಿ ಮಾವ?"

"ಚೆನ್ನಾಗಿ ಉಂಟು. ಆದ್ರೆ ಹತ್ತಿ ತಿಂದ ಹಾಗೆ ಆಗ್ತದೆ," ಎಂದರು. ಎಡಗೆನ್ನೆ ಮುಟ್ಟಿಕೊಂಡು, "ಈ ಕಡೆ ಬಾಯಲ್ಲಿ ಎಂತ ಉಂಟು ಅಂತಲೇ ಗೊತ್ತಾಗುದಿಲ್ಲ. ಕರುಂ ಕುರುಂ ಅಂದ್ರೆ ಕಿವಿಗಾದ್ರೂ ಕೇಳ್ತದೆ," ಎಂದರು.

ಆ ಮಾತು ತಲೆಯಲ್ಲಿ ಕೂತಿತು. ಚಟ್ನಿಪುಡಿಗೆಂದು ತವರಿನಿಂದ ಅವ್ವ ಕಳಿಸಿದ ಅಗಸೆ, ಗುರೆಳ್ಳು, ಬಿಳಿ ಎಳ್ಳು ಡಬ್ಬಿಗಳಲ್ಲಿದ್ದವು. ಹುರಿದರೆ ಅವುಗಳಷ್ಟು ಗರಿಗರಿಯಾಗುವುದು ಬೇರೆ ಯಾವುದಿದೆ? ಮೂರನ್ನೂ ಬೆರೆಸಿ ಮೀನಿಗೆ ಒತ್ತಿದೆ. ಮಾವ ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಮಗುಚಿದ ಕೂಡಲೇ ಬೀಜವೆಲ್ಲ ಉದುರಿ ತವೆಯ ಮೇಲೆ ಚಟಪಟ ಸಿಡಿಯತೊಡಗಿತು.

"ಮೊಟ್ಟೆ ಹಚ್ಚಿದ್ರೆ ಹಿಡೀತದೆ," ಎಂದ ಮಾವ, ನನ್ನ ಮುಖ ನೋಡಿ, "ಬೇಡ, ಅದು ಬೇಡ. ಬೇರೆ ಎಂತಾದ್ರೂ ನೋಡುವ," ಎಂದರು.

ಮೀನನ್ನೇ ಕೈಯಲ್ಲಿ ಹಿಡಿದವಳಿಗೆ ಮೊಟ್ಟೆ ಯಾವ ಲೆಕ್ಕ ಎಂದು ಅವರು ವಾದಿಸಬಹುದಿತ್ತು. ವಾದಿಸಲಿಲ್ಲ. ನನಗೆ ಅವ್ವ ತಲೆಗೂದಲಿಗೆ ಹಚ್ಚಲು ಅಗಸೆ ನೆನೆಹಾಕುತ್ತಿದ್ದುದು ನೆನಪಾಯಿತು. "ಅಗಸಿ ನೆನಸಿದ್ರ ಲೋಳಿ ಬಿಡತೈತ್ರಿ ಮಾವ. ಅದನ್ನ ಹಚ್ಚಿ ನೋಡೂಣು," ಎಂದೆ.

ಮರುವಾರ ಅಗಸೆಯನ್ನು ತರಿಯಾಗಿ ಪುಡಿಮಾಡಿ ನೀರಲ್ಲಿ ನೆನೆಸಿದೆ. ಅಂಟು ಬಂತು. ಮೀನಿನ ಪಸೆ ಬಟ್ಟೆಯಿಂದ ಒರೆಸಿ, ಆ ಅಂಟು ಸವರಿ, ಮೇಲೆ ಬೀಜ ಒತ್ತಿ ಸ್ವಲ್ಪ ಹೊತ್ತು ಬಿಟ್ಟೆ. ತವೆಗೆ ಹಾಕಿದ ಮೇಲೆ ಮಗುಚಲು ಹೋದಾಗಲೆಲ್ಲ ಮಾವ, "ಈಗ ಮುಟ್ಟಬೇಡ. ಅದೇ ಬಿಡ್ತದೆ," ಎನ್ನುತ್ತಿದ್ದರು. ದೋಸೆಯ ಹಾಗೆ ಅದು ತಾನಾಗಿಯೇ ತವೆ ಬಿಟ್ಟಿತು.

ಉಳಿದದ್ದು ರುಚಿಯ ಪ್ರಶ್ನೆ. ನಾನು ಬಾಯಿಗೆ ಇಡುವವಳಲ್ಲ. ಮಾವನಿಗೆ ಉಪ್ಪು ಸರಿಯಾಗಿ ತಿಳಿಯುತ್ತಿರಲಿಲ್ಲ. ಮಗಳನ್ನು ಕರೆದೆವು. ಅವಳು ಒಂದು ಚೂರು ಮುರಿದು ಜಗಿದು, ಇಬ್ಬರ ಮುಖವನ್ನೂ ನೋಡಿ, "ನಮಕ್ ಕಮ್ ಹೈ. ಬಾಕಿ ಮಸ್ತ್," ಎಂದಳು. ಉಪ್ಪೊಂದೇ ಕಡಿಮೆ. ಮಾವ ಬಲಗಡೆ ಜಗಿದರು, ಆಮೇಲೆ ತುತ್ತನ್ನು ಎಡಕ್ಕೆ ದೂಡಿ ಜಗಿದರು. ಸದ್ದು ನನಗೂ ಕೇಳಿತು. "ಹ್ಞಾಂ, ಕೇಳ್ತದೆ," ಎಂದು ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡರು.

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನಮ್ಮಿಬ್ಬರ ನಡುವೆ ಚಹಾ ಆಯಿತೇ, ಮಾತ್ರೆ ತಗೊಂಡಿರಾ ಎಂಬುದರಾಚೆ ಮಾತಿರಲಿಲ್ಲ. ಜಗಳವೂ ಇರಲಿಲ್ಲ, ಅವರ ಭಾಷೆ ಒಂದು ದಾರಿ, ನನ್ನದು ಇನ್ನೊಂದು. ಆ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಬಂದ ಮೇಲೆ ಮಾತು ಶುರುವಾಯಿತು. ಊರಿಂದ ಓಡಿ ಬಂದದ್ದು, ಹೋಟೆಲಿನ ಮಾಳಿಗೆಯಲ್ಲಿ ಮಲಗುತ್ತಿದ್ದದ್ದು, ಅತ್ತೆಗೆ ಮೊದಲ ಸಲ ಲೋಕಲ್ ರೈಲು ಹತ್ತಲು ಭಯವಾದದ್ದು, ಎಲ್ಲವನ್ನೂ ಹೇಳಿದರು. ನನ್ನ ಗಂಡನಿಗೂ ಅದರಲ್ಲಿ ಅರ್ಧ ಗೊತ್ತಿರಲಿಲ್ಲ.

ಕೆನ್ನೆಯ ಜೀವ ಮರಳಲಿಲ್ಲ. ನಾವು ಕಲ್ಯಾಣದಲ್ಲಿ ಸ್ವಂತ ಮನೆ ಮಾಡಿದ ಮೇಲೆ ಅವರು ಕೆಲವು ವರ್ಷ ಇದ್ದು ತೀರಿಕೊಂಡರು. ನಾನು ಇಂದಿಗೂ ಮೀನು ತಿನ್ನುವುದಿಲ್ಲ. ಇಷ್ಟಾದ ಮೇಲೂ ತಿನ್ನಲು ಕಲಿಯಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾವ ಒಂದು ಸಲವೂ ತಿನ್ನು ಎಂದಿರಲಿಲ್ಲ.

ಮಾವ ಹೋದ ಮೇಲೆ ಮೊದಲ ಸಲ ಹಿರಿಯರಿಗೆ ಎಡೆ ಹಾಕಿದ ದಿನ ಗಂಡ ಬಂಗುಡೆ, ಕೋಳಿ ಎಲ್ಲ ಮಾಡಿದರು. ನಾನು ಅಗಸೆ ಹಚ್ಚಿದ ಎರಡು ತುಂಡು ಎಲೆಯ ತುದಿಗೆ ಇಟ್ಟೆ. ಕಾಮೋಠೆಯಿಂದ ಬಂದಿದ್ದ ಮಾವನ ತಂಗಿ, "ಇದೆಂತದು, ಕರಿ ಕರಿ?" ಎಂದು ಕೇಳಿದರು.

"ಅಜ್ಜನ ಮೀನು," ಎಂದಳು ಮಗಳು, ಆ ಒಂದು ಮಾತನ್ನು ಕನ್ನಡದಲ್ಲೇ.

ಎಡೆ ತೆಗೆದ ಮೇಲೆ ಮಾವನ ತಂಗಿ ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಜಗಿದರು. ಉಪ್ಪು ಸರಿಯುಂಟೋ ಎಂದು ನಾನು ಕೇಳಲಿಲ್ಲ, ಎಡೆ ತೆಗೆಯುತ್ತಲೇ ಮಗಳು ಒಂದು ಚೂರು ರುಚಿ ನೋಡಿದ್ದಳು.