ಲೈಟರ್ ಇದ್ದ ಜಾಗ

ಉಗ್ರಪ್ಪ ಮೀಸೆ ಕಪ್ಪಗಿದ್ದ ದಿನದಿಂದ ನರೆಯುವವರೆಗೂ ಸಿಟಿ ಬಸ್ಸು ಓಡಿಸಿದ. ಹುಟ್ಟಿದ್ದು, ಮದುವೆಯಾದದ್ದು, ಕೊನೆಗೆ ಕಣ್ಣು ಮುಚ್ಚಿದ್ದು ಎಲ್ಲ ಕುರುಬರಹಳ್ಳಿಯ ಒಂದೇ ಮನೆಯಲ್ಲಿ. ಮುದುಕರು ಹತ್ತಿ ಕಂಬಿ ಹಿಡಿಯುವ ತನಕ ಬಸ್ಸು ಎತ್ತುತ್ತಿರಲಿಲ್ಲ. ಕಂಡಕ್ಟರ್ ಬೆಲ್ಲಿನ ಮೇಲೆ ಬೆಲ್ಲು ಹೊಡೆದರೆ, "ಇರಯ್ಯಾ, ನಿಮ್ಮಪ್ಪ ಹತ್ತುತಾವ್ನೆ" ಎಂದು ಹಿಂದಕ್ಕೆ ಕೂಗುತ್ತಿದ್ದ.

ಚಕ್ರಪಾಣಿ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದ ಮೇಷ್ಟ್ರು. ಮಾವ ತಮ್ಮ ಹಳೆಯ ಫಿಯಟ್ ಕಾರನ್ನು ಬಿಟ್ಟುಕೊಟ್ಟಾಗ ಅದನ್ನು ಓಡಿಸಲು ಕಲಿಸಿದವನು ಉಗ್ರಪ್ಪನೇ. ಭಾನುವಾರ ಆರ್‌ಪಿಸಿ ಲೇಔಟಿನ ಖಾಲಿ ರಸ್ತೆಗಳಲ್ಲಿ ಎಡಗಡೆ ಸೀಟಿನಲ್ಲಿ ಕೂತು, ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತ, "ನಿಧಾನ ಮೇಷ್ಟ್ರೇ, ಪೋರ್ಷನ್ ಮುಗ್ಸೋ ಆತುರ ಇಲ್ಲಿ ಬ್ಯಾಡ" ಎನ್ನುತ್ತಿದ್ದ. ಕಲಿಸಿದ್ದಕ್ಕೆ ಅವನಿಗೆ ಬೇಕಾಗಿದ್ದದ್ದು ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಒಂದೇ. ಗುಂಡಿ ಒತ್ತಿ ಕಾಯುವುದು, ಅದು ಟಪ್ಪನೆ ಹೊರಗೆ ಚಿಮ್ಮುವುದು, ಕೆಂಪಗೆ ಕಾದ ಸುರುಳಿಗೆ ಸಿಗರೇಟು ತಾಗಿಸುವುದು. ಮನೆಯೊಳಗೆ ಸೇದಲು ಹೆಂಡತಿ ರಾಮಕ್ಕ ಬಿಡುತ್ತಿರಲಿಲ್ಲ. ಚಕ್ರಪಾಣಿ ಸೇದುವವನಲ್ಲ. ಆದರೂ ಕಾರು ಉಗ್ರಪ್ಪನ ಸಿಗರೇಟಿನ ವಾಸನೆ ಹೊಡೆಯುತ್ತಿತ್ತು, ಇವನು ಅದಕ್ಕೆ ಒಗ್ಗಿಹೋಗಿದ್ದ.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಉಗ್ರಪ್ಪನ ಎದೆಯೊಳಗೆ ಗಡ್ಡೆ ಇದೆ ಎಂದು ಗೊತ್ತಾಯಿತು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಚಕ್ರಪಾಣಿಯ ಪಾಲಿಗೆ ಬಂತು. ಶಾಲೆಗೆ ರಜೆ ಇತ್ತು. ಸಿಗರೇಟು ನಿಂತಿತ್ತು. ಆದರೆ ಕಾರು ಹತ್ತಿದ ಕೂಡಲೇ ಉಗ್ರಪ್ಪ ಅಭ್ಯಾಸಬಲದಿಂದ ಗುಂಡಿ ಒತ್ತುತ್ತಿದ್ದ. ಹೊರಗೆ ಬಂದ ಲೈಟರನ್ನು ಮುಖದ ಹತ್ತಿರ ಹಿಡಿದು, ಕೆಂಪು ಆರುವವರೆಗೆ ನೋಡಿ, ವಾಪಸು ಇಡುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತ ರಾಮಕ್ಕ ಮುಖ ತಿರುಗಿಸುತ್ತಿದ್ದಳು.

ಒಂದು ದಿನ ಉಗ್ರಪ್ಪ ಒಳಗೆ ಮಲಗಿದ್ದಾಗ ಆಸ್ಪತ್ರೆಯ ಅಂಗಳದಲ್ಲಿ ಅವಳು ಹೇಳಿದಳು: "ಅದನ್ನ ಕೀಳ್ಸಿಬಿಡಿ ಮೇಷ್ಟ್ರೇ. ಆ ಮುಖ ನಾನು ನೋಡ್ಲಾರೆ. ಅದ್ರ ಬದ್ಲು ಒಂದು ಫ್ಯಾನ್ ಹಾಕ್ಸಿ, ಸೆಕೇಲಿ ಉಸ್ರು ಕಟ್ತೈತೆ ಅವ್ರಿಗೆ."

ವಿಜಯನಗರದಲ್ಲಿ ಕಾರುಗಳ ವೈರಿಂಗ್ ಮಾಡುವ ಜಂಬಣ್ಣ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಲೈಟರ್ ಕೂರುವ ಬುಡ ಸುಟ್ಟಿದೆ ಎಂದ. "ಇದಕ್ಕೇ ಫ್ಯಾನ್ ಸಿಗ್ಸುದ್ರೆ ರಸ್ತೆ ಮೊದಲ್ನೇ ಗುಂಡೀಗೇ ಮಡಿಲಿಗೆ ಬೀಳುತ್ತೆ ಸಾರ್." ಬುಡವನ್ನು ಕಿತ್ತ. ಹೊಸ ವೈರು ಎಳೆದು ಫ್ಯೂಸು ಸೇರಿಸಿದ. ತೂತನ್ನು ಅರದಲ್ಲಿ ಉಜ್ಜಿ ಅಗಲ ಮಾಡಿ, ಮನೆಯ ಗೋಡೆಗೆ ಹಾಕುವಂಥ ಕಪ್ಪು ಎರಡು ಪಿನ್ನಿನ ಸಾಕೆಟ್ ಕೂರಿಸಿದ. "ಇನ್ನು ಇದ್ರಲ್ಲಿ ಲೈಟರ್ ಕೂರಲ್ಲ. ಹಳೇದು ಬೇಕಾ ಸಾರ್?"

"ಬೇಡ."

ಜಂಬಣ್ಣ ಅದನ್ನು ಗುಜರಿ ಡಬ್ಬಕ್ಕೆ ಎಸೆದ.

ಮರುದಿನ ಉಗ್ರಪ್ಪನ ಹೆಬ್ಬೆರಳು ಗುಂಡಿಯ ಜಾಗಕ್ಕೆ ಹೋಗಿ ಸಾಕೆಟ್ಟಿಗೆ ತಾಗಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. "ಏನ್ ಮೇಷ್ಟ್ರೇ, ಈ ಸ್ಟಾಪು ಕ್ಯಾನ್ಸಲ್ಲಾ?" ಎಂದ. ಅವನು ಹಿಂದಕ್ಕೆ ತಿರುಗಿ ರಾಮಕ್ಕನನ್ನು ನೋಡಿದ, ನಕ್ಕ. ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ್ದ ಹೊಸ ಫ್ಯಾನಿನ ಕತ್ತನ್ನು ಚಕ್ರಪಾಣಿಯ ಕಡೆಗೆ ತಿರುಗಿಸಿದ. "ಓಡ್ಸೋನಿಗೆ ಗಾಳಿ ಬೇಕು." ಚಕ್ರಪಾಣಿ ಮತ್ತೆ ಅವನ ಕಡೆಗೇ ತಿರುಗಿಸಿದ. ಆಮೇಲೆ ಉಗ್ರಪ್ಪ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದ.

ಮಳೆಗಾಲ ಶುರುವಾಗುವ ಮುಂಚೆ ಅವನು ಹೋದ.

ತಿಥಿಯ ದಿನ ಫೋಟೋದ ಮುಂದೆ ಬಾಳೆಲೆ ಹಾಕಿ ಮುದ್ದೆ, ಕೋಳಿ ಸಾರು, ಅವನಿಗೆ ಇಷ್ಟವಾದದ್ದೆಲ್ಲ ಎಡೆ ಇಟ್ಟರು. ಉಗ್ರಪ್ಪನ ಅಣ್ಣ ದೊಡ್ಡಣ್ಣ, "ಸಿಗ್ರೇಟೂ ಮಡುಗ್ರಮ್ಮ, ಇಲ್ದಿದ್ರೆ ಅವ್ನೆಲ್ಲಿ ಬತ್ತಾನೆ" ಎಂದ. ರಾಮಕ್ಕ ಸೆರಗಿನ ಗಂಟಿನಿಂದ ಹೊಸ ಪ್ಯಾಕು ತೆಗೆದಳು. ತಾನೇ ಅಂಗಡಿಗೆ ಹೋಗಿ ತಂದಿದ್ದಳು. ಒಂದನ್ನು ಚಕ್ರಪಾಣಿಯ ಕೈಗೆ ಕೊಟ್ಟಳು.

"ನಿಮ್ ಕಾರಲ್ಲೇ ಹಚ್ಕೊಂಡ್ ಬನ್ನಿ ಮೇಷ್ಟ್ರೇ. ಆ ಬೆಂಕೀನೇ ಇಷ್ಟ ಅವ್ರಿಗೆ."

ಅವಳಿಗೆ ಮರೆತುಹೋಗಿತ್ತು. ಚಕ್ರಪಾಣಿ ಹೊರಗೆ ಹೋಗಿ ಕಾರಿನಲ್ಲಿ ಕೂತ. ಸಿಗರೇಟು ಕೈಯಲ್ಲೇ ಇತ್ತು. ಯಾಕೋ ಫ್ಯಾನ್ ಹಾಕಿದ. ಎಡಗಡೆಯ ಖಾಲಿ ಸೀಟಿಗೆ ಗಾಳಿ ಬೀಸತೊಡಗಿತು.

ಎಷ್ಟು ಹೊತ್ತಾದರೂ ಬಾರದ್ದನ್ನು ನೋಡಿ ರಾಮಕ್ಕ ಬಂದು ಕಿಟಕಿಯಲ್ಲಿ ಬಗ್ಗಿದಳು. ಸಾಕೆಟ್ ನೋಡಿದಳು.

"ನಾನೇ ಅಲ್ವಾ ಕೀಳ್ಸಿದ್ದು" ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

"ಇಬ್ಬರೂ ಸೇರಿ, ಅಮ್ಮ."

ಅವಳು ಒಳಗೆ ಹೋಗಿ ಬೆಂಕಿಪೊಟ್ಟಣ ತಂದಳು. ಹಿಂದೆಯೇ ದೊಡ್ಡಣ್ಣ ಬಂದ. "ಎಡೆ ಒಳಗೈತೆ, ಇಲ್ಲೇನ್ ಮಾಡ್ತಿದೀಯವ್ವಾ?"

"ಮನೆ ಒಳಗೆ ಯಾವತ್ತು ಸೇದವ್ರೆ ಭಾವ? ನಾನು ಬಿಡ್ತಿದ್ನಾ?"

ರಾಮಕ್ಕ ಕಡ್ಡಿ ಗೀರಿ, ಬಾಯಿಗಿಡದೆಯೇ ಸಿಗರೇಟಿನ ತುದಿ ಹತ್ತಿಸಿ, ಎಡಗಡೆಯ ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಆಶ್‌ಟ್ರೇಯ ಅಂಚಿಗೆ ಒರಗಿಸಿದಳು. ಹೊಗೆ ಚದುರಿತು.

"ಫ್ಯಾನ್ ಕಿತ್ತಾಕಿ ಮೇಷ್ಟ್ರೇ. ಅವ್ರಿಗೆ ಸಿಕ್ಕೋ ಮುಂಚೆ ಹೊಂಟೋಗ್ತದೆ."

ಚಕ್ರಪಾಣಿ ಪ್ಲಗ್ ಎಳೆದ. ಗಾಜು ಏರಿಸಿ, ಕೆಳಗಿಳಿದು ಬಾಗಿಲು ಹಾಕಿದ. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ, ಸತ್ತವನು ಬಂದು ಉಂಡು ಹೋಗುವವರೆಗೆ ಯಾರೂ ನೋಡಬಾರದು. ದೊಡ್ಡಣ್ಣ ಬೀದಿಯಲ್ಲಿದ್ದವರನ್ನೆಲ್ಲ ಬೇರೆ ಕಡೆಗೆ ತಿರುಗಿಸಿದ. ಚಕ್ರಪಾಣಿ ರಾಮಕ್ಕನ ಪಕ್ಕದಲ್ಲಿ ಕಾರಿಗೆ ಬೆನ್ನು ಹಾಕಿ ನಿಂತ. ಎದುರು ಮನೆಯ ಕಾಂಪೌಂಡಿನ ಮೇಲೆ ಯಾರದೋ ಸೀರೆ ಒಣಗುತ್ತಿತ್ತು. ಅವನು ಅದನ್ನೇ ನೋಡುತ್ತ ನಿಂತಿದ್ದ, ದೊಡ್ಡಣ್ಣ ಆಯಿತು ಎನ್ನುವವರೆಗೆ.