ಸೀರಂ ಸಿಗದ ಕರು

ಮೊದಲ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು. ನಾನು ಮೈಸೂರು ಸಂಸ್ಥಾನದ ಪಶುವೈದ್ಯ ಇನ್‌ಸ್ಪೆಕ್ಟರಾಗಿ ತರೀಕೆರೆಯಲ್ಲಿದ್ದೆ. ಕಡೂರಿನಿಂದ ಅಜ್ಜಂಪುರದವರೆಗಿನ ದನಕರುಗಳ ಆರೋಗ್ಯ ನನ್ನ ಹೊಣೆ. ಆ ವರ್ಷ ಬೇಸಿಗೆಯಲ್ಲಿ ಅಜ್ಜಂಪುರದ ಕಡೆ ದೊಡ್ಡರೋಗ ಕಾಣಿಸಿಕೊಂಡಿತು. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ರಿಂಡರ್‌ಪೆಸ್ಟ್ ಎಂದು ಹೆಸರು. ದನಕ್ಕೆ ಜ್ವರ ಬರುತ್ತದೆ, ಬಾಯೊಳಗೆಲ್ಲ ಹುಣ್ಣಾಗುತ್ತದೆ, ಕೊನೆಗೆ ರಕ್ತಭೇದಿ. ಒಂದು ಕೊಟ್ಟಿಗೆಗೆ ಹೊಕ್ಕರೆ ಒಂದೆರಡು ತಲೆ ಉಳಿದದ್ದೇ ಭಾಗ್ಯ.

ನಮ್ಮ ಕೈಯಲ್ಲಿದ್ದ ಉಪಾಯ ಒಂದೇ. ರೋಗವನ್ನು ಗೆದ್ದ ದನದ ರಕ್ತದಿಂದ ತಯಾರಿಸಿದ ಸೀರಂ ಅನ್ನು ಒಂದು ಕಡೆ ಚುಚ್ಚಿ, ರೋಗವಿರುವ ದನದ ರಕ್ತವನ್ನು ಸ್ವಲ್ಪವೇ ಸ್ವಲ್ಪ ಇನ್ನೊಂದು ಕಡೆ ಚುಚ್ಚುವುದು. ಸೀರಂ ಚೆನ್ನಾಗಿದ್ದರೆ ರೋಗ ಹಗುರವಾಗಿ ಬಂದು ಹೋಗುತ್ತದೆ, ಆಮೇಲೆ ಆ ದನದ ಹತ್ತಿರ ಸುಳಿಯುವುದಿಲ್ಲ. ಸೀರಂ ಕೆಟ್ಟಿದ್ದರೆ ನಾವೇ ಊರಿಗೆಲ್ಲ ರೋಗ ಹಂಚಿದ ಹಾಗೆ.

ರೋಗ ಬುಕ್ಕಾಂಬುಧಿ ಎಂಬ ಊರಿನ ಪಕ್ಕದ ಹಳ್ಳಿಯವರೆಗೆ ಬಂದಿತ್ತು, ಆ ಊರನ್ನು ಇನ್ನೂ ಮುಟ್ಟಿರಲಿಲ್ಲ. ನಮಗಾಗಿ ಹೊರಟ ಸೀರಂ ಪೆಟ್ಟಿಗೆಯೋ ಬೀರೂರು ಜಂಕ್ಷನ್ನಿನಲ್ಲಿ ಯಾರ ಗಮನಕ್ಕೂ ಬಾರದೆ ಬಿಸಿಲಿನಲ್ಲಿ ಉಳಿದುಬಿಟ್ಟಿತ್ತು. ನನ್ನ ಕೈ ಸೇರುವಾಗ ಅದರೊಳಗಿನ ಮಂಜುಗಡ್ಡೆ ಕರಗಿ ನೀರೂ ಆರಿಹೋಗಿತ್ತು. ಸೀರಂ ಕೆಟ್ಟಿದೆಯೋ ಇಲ್ಲವೋ ಎಂದು ಬರಿಗಣ್ಣಿನಿಂದ ನೋಡಿ ಹೇಳುವಂತಿರಲಿಲ್ಲ. ಬೇರೆ ಪೆಟ್ಟಿಗೆ ಬೇಗ ಬರುವಂತಿರಲಿಲ್ಲ.

ನನ್ನ ಮೇಲಧಿಕಾರಿ ಸಾಹೇಬರು ಅಜ್ಜಂಪುರದಲ್ಲಿ ಕ್ಯಾಂಪ್ ಮಾಡಿದ್ದರು. ಹೋಗಿ ವಿಷಯ ತಿಳಿಸಿದೆ.

"ಎರಡು ಕರು ತೆಗೆದುಕೊಳ್ಳಿ," ಎಂದರು. "ಎರಡಕ್ಕೂ ರೋಗದ ರಕ್ತ ಕೊಡಿ. ಸೀರಂ ಒಂದಕ್ಕೆ ಮಾತ್ರ."

ಸೀರಂ ಇಲ್ಲದ ಕರುವಿಗೆ ನಮ್ಮ ವೃತ್ತಿಯಲ್ಲಿ 'ಕಂಟ್ರೋಲ್' ಎನ್ನುತ್ತೇವೆ. ಅದು ಕಾಯಿಲೆ ಬಿದ್ದರೆ ಮಾತ್ರ, ಚುಚ್ಚಿದ ರಕ್ತದಲ್ಲಿ ರೋಗ ಜೀವಂತವಾಗಿತ್ತು ಎಂದು ಸಾಬೀತಾಗುತ್ತದೆ. ಅದಕ್ಕೆ ಚಿಕಿತ್ಸೆ ಮಾಡುವಂತಿಲ್ಲ. ತಾನಾಗಿ ಸಾಯುವವರೆಗೆ ಗಮನಿಸುತ್ತಿರಬೇಕೆಂಬುದು ಸಾಹೇಬರ ಆಜ್ಞೆ. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಯಾವುದಕ್ಕೆ ಸೀರಂ ಇಲ್ಲವೆಂದು ರೈತರಿಗೆ ಹೇಳಬೇಡಿ. ಹೇಳಿದರೆ ಒಬ್ಬರೂ ಕೊಡುವುದಿಲ್ಲ."

ಬುಕ್ಕಾಂಬುಧಿಯ ರುದ್ರಪ್ಪನವರು ಖುಷ್ಕಿ ಜಮೀನು, ತೆಂಗಿನ ತೋಟ, ತುಂಬಿದ ಕೊಟ್ಟಿಗೆ ಇದ್ದ ಹಳೆಯ ಕುಳ. ಅವರ ಮನೆಯಲ್ಲಿ ಒಂದೇ ವಯಸ್ಸಿನ ಎರಡು ಹೋರಿಗರುಗಳಿದ್ದವು. ಜಗಲಿಯಲ್ಲಿ ಕೂತು, ಬರುವ ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತುಗಳನ್ನು ಆಡಲು ಬಾಯಿ ತೆರೆದೆ. ಅವರ ಹೆಂಡತಿ ಗೌರಮ್ಮ ಮಜ್ಜಿಗೆಯ ಚೊಂಬು ತಂದು ಕೈಗಿತ್ತರು. ಆ ಮನೆಯ ಮಜ್ಜಿಗೆ ಕುಡಿದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ರುದ್ರಪ್ಪನವರು ಕೊಟ್ಟಿಗೆಯ ಕಡೆ ನೋಡಿ ಕೇಳಿದರು. "ಒಂದು ಸಾಯ್ತದೆ ಅಂತ ಗೊತ್ತಿದ್ದೇ ಕೇಳ್ತಾ ಇದ್ದೀರಾ?"

"ಹೌದು."

"ಎತ್ತೆಲ್ಲ ಸತ್ರೆ ಮಳೆ ಬಿದ್ದಾಗ ಆರು ಕಟ್ಟಿ ಉಳೋದು ಹೆಂಗೆ? ಊರೇ ಹೋಯ್ತು," ಎಂದು ತಮಗೆ ತಾವೇ ಹೇಳಿಕೊಂಡು, "ತಗೊಳ್ಳಿ," ಎಂದರು.

ಬಾಗಿಲಲ್ಲಿ ನಿಂತಿದ್ದ ಗೌರಮ್ಮ ಕೇಳಿದರು. "ನಮ್ಮನ್ನೇನೋ ಒಪ್ಪಿಸಿದ್ರಿ ಡಾಕ್ಟ್ರೇ. ಆ ಕರೂನ ಯಾರು ಒಪ್ಪಿಸ್ತಾರೆ?"

"ನಿಂಗ್ಯಾಕೆ ಆ ಮಾತು, ಸುಮ್ನಿರೇ," ಎಂದು ರುದ್ರಪ್ಪನವರು ಗದರಿದರು. ಅವರ ದನಿಯಲ್ಲಿ ಗದರಿಕೆಯ ಬಲವಿರಲಿಲ್ಲ.

ಊರಾಚೆ ತೋಟದಲ್ಲಿ ಗರಿಯ ಚಪ್ಪರ ಹಾಕಿಸಿ ಕರುಗಳನ್ನು ದೂರ ದೂರ ಕಟ್ಟಿಸಿದೆ. ಯಾವುದಕ್ಕೆ ಸೀರಂ ಎಂದು ಕೇಳಿದರೆ ಗಂಡ ಹೆಂಡತಿ ಇಬ್ಬರೂ ಮುಖ ತಿರುಗಿಸಿದರು. ನನ್ನ ಹತ್ತಿರಕ್ಕೆ ಬಂದು ಅಂಗಿ ಮೂಸಿದ ಕರುವಿಗೆ ಸೀರಂ ಕೊಟ್ಟೆ. ಹಿಂದೆ ಸರಿದು ನಿಂತ, ಹಣೆಯಲ್ಲಿ ಬಿಳಿ ಇದ್ದದ್ದು ಕಂಟ್ರೋಲ್ ಆಯಿತು. ಆಯ್ಕೆಗೆ ಬೇರೆ ಕಾರಣವೇ ಇರಲಿಲ್ಲ.

ಕೆಲವು ದಿನಗಳಲ್ಲಿ ಎರಡಕ್ಕೂ ಜ್ವರ ಬಂತು. ಸೀರಂ ಪಡೆದದ್ದು ಎರಡು ಹೊತ್ತು ಮೇವು ಬಿಟ್ಟು ಮತ್ತೆ ತಿನ್ನತೊಡಗಿತು. ಬಿಳಿ ಹಣೆಯ ಕರುವಿನ ಕಣ್ಣಲ್ಲಿ ಕೀವು ಇಳಿಯಿತು, ಒಸಡು ಸುಲಿದುಹೋಯಿತು. ಗೌರಮ್ಮ ಗಂಜಿ ತಂದು ಅದರ ಮುಂದೆ ಹಿಡಿದರೆ ನೆಕ್ಕಲು ನಾಲಿಗೆ ಚಾಚಿ, ನೋವಿಗೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಸೀರಂ ಕೆಟ್ಟಿರಲಿಲ್ಲ. ಊರಿನ ದನಗಳಿಗೆ ಚುಚ್ಚಲು ಬೇಕಾದ ರೋಗದ ರಕ್ತವನ್ನೂ ಅದೇ ಕರುವಿನ ಕುತ್ತಿಗೆಯಿಂದ ತೆಗೆದುಕೊಂಡೆ. ಅದು ಕೊಸರಾಡಲಿಲ್ಲ. ಕೊಸರಾಡುವ ಶಕ್ತಿ ಅದಕ್ಕಿರಲಿಲ್ಲ.

ಇನ್ನು ಅದರಿಂದ ತಿಳಿಯಬೇಕಾದದ್ದು, ಪಡೆಯಬೇಕಾದದ್ದು ಏನೂ ಉಳಿದಿರಲಿಲ್ಲ. ನನ್ನ ಚೀಲದಲ್ಲಿ ಕ್ಲೋರೋಫಾರ್ಮ್ ಇತ್ತು. ಅದರಿಂದ ಕರುವಿನ ನರಳಾಟ ಮುಗಿಸಿಬಿಡಲೇ ಎಂದು ರುದ್ರಪ್ಪನವರನ್ನು ಕೇಳಿದೆ.

"ಅದೊಂದು ಬ್ಯಾಡ ಸ್ವಾಮಿ," ಎಂದು ಅವರು ಎದ್ದು ನಿಂತರು. "ರೋಗದಾಗೆ ಸತ್ರೆ ಶಿವ ಕರ್ಕಂಡ ಅಂತೀನಿ. ಕೈಯಾರೆ ಕೊಂದ್ರೆ ಗೋಹತ್ಯೆ. ನನ್ನ ಮನೆತನಕ್ಕೆ ಆ ಪಾಪ ಬ್ಯಾಡ."

ಗೌರಮ್ಮ ಕರುವಿನ ಮೂತಿಯ ಮೇಲಿನ ನೊಣಗಳನ್ನು ಸೆರಗಿನಿಂದ ಓಡಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು. "ರೋಗ ಶಿವ ತಂದಿದ್ದಲ್ಲ ಕಣ್ರೀ. ನಾವು ಚುಚ್ಚಿಸಿದ್ದು. ಕೊಲ್ಲೋದು ಪಾಪ ಅಂತೀರಿ. ಇದು ನರಳೋದನ್ನ ನೋಡ್ತಾ ಕೂರೋದು ಪುಣ್ಯಾನಾ?"

ರುದ್ರಪ್ಪನವರು ಟವೆಲ್ ಹೆಗಲಿಗೆ ಹಾಕಿಕೊಂಡು ಕೆರೆಯ ಏರಿಯ ಕಡೆ ನಡೆದುಬಿಟ್ಟರು. ಬೇಡ ಎಂದು ಮತ್ತೊಮ್ಮೆ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಗೌರಮ್ಮ ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಮಾಡಿ," ಎಂದರು. ಹತ್ತಿಗೆ ಕ್ಲೋರೋಫಾರ್ಮ್ ಸುರಿದು ಮೂಗಿಗೆ ಹಿಡಿದೆ. ಅದರ ಉಸಿರು ನಿಂತ ಮೇಲೂ ಅವರ ಕೈ ಕರುವಿನ ಕಿವಿಯನ್ನು ಸವರುತ್ತಲೇ ಇತ್ತು.

ಗಂಡ ಹೆಂಡತಿ ಆಮೇಲೆ ಬಹಳ ಕಾಲ ಮಾತು ಬಿಟ್ಟಿದ್ದರೆಂದು ಕೇಳಿದೆ. ಸಾಹೇಬರು ನನ್ನನ್ನು ಕರೆಸಿ, ಪ್ರಯೋಗವನ್ನು ಅರ್ಧಕ್ಕೆ ಕೆಡಿಸಿದಿರಿ ಎಂದು ಬೈದರು. ಫಲ ತಿಳಿದ ಮೇಲೆ ಅದು ಪ್ರಯೋಗವಲ್ಲ ಸಾರ್ ಎಂದೆ. ಅವರು ಮುಖ ಗಂಟಿಕ್ಕಿ, ಹೋಗಿ ಕೆಲಸ ನೋಡಿ ಎಂದರು.

ಬುಕ್ಕಾಂಬುಧಿಯ ಕೆರೆಯಂಗಳದಲ್ಲಿ ಊರಿನ ದನಗಳಿಗೆಲ್ಲ ಚುಚ್ಚಿದೆವು. ಕೆಲವು ಸತ್ತವು, ಹೆಚ್ಚಿನವು ಉಳಿದವು. ಮುಂಗಾರು ಬಿದ್ದಾಗ ಆ ಊರಿನ ಹೊಲಗಳಲ್ಲಿ ನೇಗಿಲು ಹೂಡಲು ಎತ್ತುಗಳಿದ್ದವು. ಪಕ್ಕದ ಹಳ್ಳಿಯಲ್ಲಿ ಮನುಷ್ಯರೇ ನೊಗಕ್ಕೆ ಹೆಗಲು ಕೊಟ್ಟರು. ಆ ಕರುವಿನ ಸಾವಿಗೆ ಇದು ಸಮವಾಯಿತೇ ಎಂದು ಯಾರಾದರೂ ಕೇಳಿದರೆ, ಅಂಥದೇ ಸಂದರ್ಭ ಬಂದರೆ ನಾನು ಮತ್ತೆ ಹಾಗೇ ಮಾಡುತ್ತೇನೆ ಎನ್ನುತ್ತೇನೆ. ಸಮವಾಯಿತು ಎಂದು ಮಾತ್ರ ಹೇಳಲಾರೆ.

ಚುಚ್ಚುವ ದಿನ ಗೌರಮ್ಮ ತಮ್ಮ ಮನೆಯ ದನಗಳನ್ನು ತಾವೇ ಹೊಡೆದುಕೊಂಡು ಬಂದಿದ್ದರು. ಸತ್ತ ಕರುವಿನ ತಾಯಿಯೂ ಅವುಗಳಲ್ಲಿತ್ತು. ಒಂದೊಂದರ ಹಗ್ಗ ಹಿಡಿದು ನನ್ನ ಮುಂದೆ ನಿಲ್ಲಿಸುವಾಗಲೂ ಅವರ ಪ್ರಶ್ನೆ ಒಂದೇ.

"ಇದಕ್ಕೆ ಎರಡೂ ಹಾಕ್ತೀರಾ?"

ನಾನು ಪ್ರತಿ ಸಲವೂ ಎರಡು ಸಿರಿಂಜುಗಳನ್ನೂ ಎತ್ತಿ ತೋರಿಸಿದೆ. ಅವರು ಎರಡನ್ನೂ ನೋಡಿ, ಆಮೇಲೆ ಹಗ್ಗ ಸಡಿಲಿಸುತ್ತಿದ್ದರು.

ಮುಂದೆ ಪ್ರಯೋಗಾಲಯದಲ್ಲಿಯೂ ವರ್ಷಗಟ್ಟಲೆ ದುಡಿದೆ. ನನ್ನ ಕೈಕೆಳಗೆ ಬಂದ ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಇಷ್ಟು: ಯಾವ ಪ್ರಾಣಿಗೆ ಔಷಧವಿಲ್ಲವೋ ಅದರ ಬಳಿಗೆ ದಿನವೂ ನೀವೇ ಹೋಗಿ, ಆಳನ್ನು ಕಳಿಸಬೇಡಿ. ಉತ್ತರ ಸಿಕ್ಕಿದ ಮೇಲೆ ಅದನ್ನು ಒಂದು ಗಳಿಗೆಯೂ ನರಳಿಸಬೇಡಿ. ಸಾಯುವಾಗ ಅದರ ತಲೆಯ ಹತ್ತಿರ ಯಾರಾದರೊಬ್ಬರು ಕೂತಿರಲಿ.