ಶಾಹಿನ್ ಬಾಯಲ್ಲಿ ಬಂದ ಕಂಡಕ್ಟರ್

ಮೂರು ವರ್ಷದ ಹಿಂದೆ ನಾನು ಶಹಾಪುರದ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುತ್ತಿದ್ದೆ. ಹುದ್ದೆಯ ಹೆಸರು ಫ್ಯಾಕಲ್ಟಿ. ಬೀಗ ತೆಗೆದು ಕಸ ಗುಡಿಸುವ ಫ್ಯಾಕಲ್ಟಿಯೂ ನಾನೇ.

ಇಂಗ್ಲಿಷಿನಲ್ಲಿ ಕೆಲವು ಪದಗಳು ಜೋಡಿಯಾಗಿಯೇ ಓಡಾಡುತ್ತವೆ. ಇವಕ್ಕೆ ಕೊಲೊಕೇಶನ್ ಎನ್ನುತ್ತಾರೆ. ನಾವು ಗಮನ ಕೊಡುತ್ತೇವೆ, ಅವರು ‘ಪೇ ಅಟೆನ್ಷನ್’ ಎನ್ನುತ್ತಾರೆ. ಬಾಯಿಪಾಠ ಮಾಡಿದರೆ ‘ಲರ್ನ್ ಬೈ ಹಾರ್ಟ್’, ಪಾಠ ತಪ್ಪಿಸಿಕೊಂಡರೆ ‘ಮಿಸ್ ಎ ಲೆಸನ್’. ಸುಮ್ಮನೆ ಹೇಳಿದರೆ ಕ್ಲಾಸು ಆಕಳಿಸುತ್ತಿತ್ತು. ಹಾಗಾಗಿ ಒಂದೊಂದು ಜೋಡಿಗೆ ಊರಿನ ಒಬ್ಬೊಬ್ಬರ ದನಿ ಹಚ್ಚಿದೆ. ‘ಪೇ ಅಟೆನ್ಷನ್’ ಮೂಗಿನಲ್ಲಿ ಮಾತಾಡುವ ನನ್ನ ಹಳೆಯ ಗಣಿತ ಮಾಸ್ತರರದು. ‘ಮಿಸ್ ಎ ಲೆಸನ್’ ರಾಗ ಎಳೆಯುವ ಸುರಪುರ ಬಸ್ಸಿನ ಕಂಡಕ್ಟರನದು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಜೋಡಿಗಳು ತಲೆಯಲ್ಲಿ ಉಳಿಯುತ್ತಿದ್ದವು. ಬಾಡಿಗೆ ರೂಮಿಗೆ ಹೋದ ಮೇಲೆ ಮಾತ್ರ ನನ್ನ ಅಷ್ಟೂ ದನಿಗಳು ನಿರುದ್ಯೋಗಿಗಳು. ಅಣಕಿಸಲು ಎದುರಿಗೊಬ್ಬರು ಬೇಕಲ್ಲ. ಅನ್ನಕ್ಕಿಟ್ಟು ಕುಕ್ಕರಿನ ಸೀಟಿ ಕೇಳುತ್ತ ಕೂರುತ್ತಿದ್ದೆ.

ನನ್ನ ಕ್ಲಾಸಿಗೆ ಬರುತ್ತಿದ್ದ ಶಾಹಿನ್ ಸುರಪುರದವಳು. ಡಿ.ಎಡ್. ಓದಿಯೂ ಅಲ್ಲಿಯ ಖಾಸಗಿ ಶಾಲೆಯಲ್ಲಿ ಆಯಾ ಆಗಿದ್ದಳು. ಒಂದನೇ ತರಗತಿಗೆ ಟೀಚರ್ ಬೇಕಾಗಿದ್ದರು. ಇಂಗ್ಲಿಷ್ ಸಂದರ್ಶನದಲ್ಲಿ ಗೆದ್ದರೆ ಆ ಜಾಗ ಅವಳದು, ಇಲ್ಲದಿದ್ದರೆ ಮತ್ತೆ ಮಕ್ಕಳ ಮೂಗು ಒರೆಸುವುದೇ.

ಸಂದರ್ಶನ ಮುಗಿಸಿ ಕ್ಲಾಸಿಗೆ ಬಂದವಳು ಬೆಂಚಿನ ಮೇಲೆ ಕೂತಳು.

“ಏನಾತವ್ವ, ಸೀಟ್ ಸಿಕ್ತೋ ಇಲ್ಲೋ?” ಕಂಡಕ್ಟರನ ದನಿಯಲ್ಲೇ ಕೇಳಿದೆ.

“ಇವನಿಂದನ ಕೆಟ್ಟದ್ರಿ ಸರ್. ಕಲಿಯೋವಾಗ ಕ್ಲಾಸ್ ತಪ್ಪಿಸೀಯೇನು ಅಂತ ಕೇಳಿದ್ರು. ‘ಐ ನೆವರ್ ಮಿಸ್ಡ್ ಎ ಲೆಸನ್’ ಅಂದ್ನಿ. ಬಾಯಾಗ ಕಂಡಕ್ಟರ್ ಬಂದುಬಿಟ್ಟ. ಎಲ್ಲಾರೂ ನಕ್ಕರು. ನಾಳೆ ಮತ್ತೊಮ್ಮಿ ಬಾ, ಇದ ಕಡೀ ಸಲ ಅಂದಾರ.”

“ಅವನ್ನ ಬಿಟ್ಟು ಹೇಳು ಮತ್ತ.”

“ಬಿಟ್ಟು ಹೇಳಾಕ ಬರವಲ್ತ್ರಿ. ನೀವು ಕಲಿಸಿದ್ದ ಹಂಗ.”

ನಾನೇ ಸಂದರ್ಶಕನಾಗಿ ಎದುರು ಕೂತೆ. ದನಿ ದಪ್ಪ ಮಾಡಿ ಪ್ರಶ್ನೆ ಕೇಳಿದೆ.

“ಇದು ಬ್ಯಾಂಕ್ ಮ್ಯಾನೇಜರ್ದು,” ಎಂದಳು.

ಇನ್ನೊಂದು ದನಿ ತೆಗೆದೆ.

“ಇದು ಟಿವಿಯಾಗ ನ್ಯೂಸ್ ಓದವ್ರದು. ನಿಮ್ದು ಯಾವುದ್ರಿ ಸರ್? ಅದರಾಗ ಕೇಳ್ರಿ ಒಮ್ಮಿ.”

ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಬಂದ ದನಿ ತೆಳ್ಳಗಿತ್ತು, ಬಾಡಿಗೆ ಮನೆ ಕೇಳಲು ಬಂದವನ ಹಾಗೆ ಹಿಂಜರಿಯುತ್ತಿತ್ತು. ಶಾಹಿನ್ ನಗಲಿಲ್ಲ. “ಐ ನೆವರ್ ಮಿಸ್ಡ್ ಎ ಲೆಸನ್,” ಎಂದಳು ನಿಧಾನವಾಗಿ. ಅದರಲ್ಲಿ ಕಂಡಕ್ಟರ್ ಇರಲಿಲ್ಲ. ಅವಳ ಬಸ್ಸಿನ ಹೊತ್ತಾಗುವವರೆಗೆ ಹಾಗೇ ಕೇಳುತ್ತ ಹೋದೆ, ಅವಳು ಹೇಳುತ್ತ ಹೋದಳು.

ಮರುದಿನ ಅವಳಿಗೆ ಕೆಲಸ ಸಿಕ್ಕಿತು. ಸಿಕ್ಕವರು ಕ್ಲಾಸಿಗೆ ಬರುವುದಿಲ್ಲ. ನಮ್ಮ ವೃತ್ತಿಯಲ್ಲಿ ಗೆಲುವೆಂದರೆ ಒಂದು ಖಾಲಿ ಬೆಂಚು.

ಪಾಠದ ಜೊತೆ ಕಲಿಸುವವನ ದನಿಯೂ ಕಲಿಯುವವರ ಮನೆಗೆ ಹೋಗುತ್ತದೆ ಎಂದು ಆಗ ಗೊತ್ತಾಯಿತು. ಈಗಲೂ ನಗಿಸುತ್ತೇನೆ, ಆದರೆ ನಕ್ಕ ಮೇಲೆ ಪ್ರತಿ ಜೋಡಿಯನ್ನೂ ಎಲ್ಲರೂ ತಮ್ಮ ತಮ್ಮ ದನಿಯಲ್ಲಿ ಇನ್ನೊಮ್ಮೆ ಹೇಳಬೇಕು. ನಾನೂ ಹೇಳಬೇಕು.

ಶಾಹಿನ್‌ಗೆ ಕೆಲಸ ಸಿಕ್ಕ ವಾರವೇ ಯಾದಗಿರಿಯಿಂದ ಅವ್ವ ಫೋನ್ ಮಾಡಿದಳು. ಅಲ್ಲಿಯವರೆಗೆ ಅವಳ ಹತ್ತಿರ ಖುಷಿಯಾಗಿರುವ ಮಗನ ದನಿಯಲ್ಲೇ ಮಾತಾಡುತ್ತಿದ್ದೆ. ಅಂದು ನನ್ನದೇ ದನಿಯಲ್ಲಿ ಹಲೋ ಅಂದೆ.

“ಒಬ್ಬನ ಅದಿಯೇನಪ್ಪ ಅಲ್ಲಿ?” ಎಂದಳು ಅವ್ವ.